ಹದಿನೇಳನೇ ನಂಬರಿನವನು ಗೈರುಹಾಜರಾಗಿಲ್ಲ

ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷ್ ಪೂರ್ವಸಿದ್ಧತಾ ಶಿಕ್ಷಣ ಕಚೇರಿಯ ನಿರ್ದೇಶಕರಿಗೆ, ನಾಲ್ಕು ಮಂದಿ ಓದಲೆಂದೇ ಬರೆದದ್ದು

ಹುನಗುಂದ, ೯ ಆಗಸ್ಟ್ ೧೯೮೭

ಮಾನ್ಯರೇ,

ತಮ್ಮ ದಫ್ತರದಲ್ಲಿ ಇಂದಿಗೂ ‘ಪರವಾನಗಿ ಇಲ್ಲದೆ ಗೈರುಹಾಜರಿ’ ಎಂದು ನಮೂದಾಗಿರುವ ಬಾಗಲಕೋಟೆ ಕೇಂದ್ರದ ಹದಿನೇಳನೇ ನಂಬರಿನ ವಿದ್ಯಾರ್ಥಿ, ಸುಡಾನ ದೇಶದ ಇದ್ರಿಸ್ ಆದಮ್, ಸತ್ತು ಆರೂವರೆ ವರ್ಷವಾಯಿತು. ಕಳೆದ ತಿಂಗಳು ಕೂಡ ತಾವು ಅವನಿಗೆ ಕಾಗದ ಬರೆದು ನನಗೊಂದು ಪ್ರತಿ ಕಳಿಸಿದ್ದೀರಿ. ಹದಿನೈದು ದಿನದೊಳಗೆ ಖುದ್ದಾಗಿ ಹಾಜರಾಗಿ ಕಾರಣ ತಿಳಿಸದಿದ್ದರೆ ಶಿಸ್ತಿನ ಕ್ರಮ ಜರುಗಿಸಲಾಗುವುದು ಎಂದು ಅದರಲ್ಲಿದೆ. ಖಬರಸ್ತಾನದ ಬೇವಿನ ಮರದ ಬುಡದಲ್ಲಿ ಮಲಗಿದವನ ಮೇಲೆ ಯಾವ ಶಿಸ್ತಿನ ಕ್ರಮ ಜರುಗಿಸುತ್ತೀರಿ, ತಿಳಿಸುವ ಕೃಪೆಯಾಗಲಿ. ಸತ್ತವರು ತುಂಬಿ ಕೊಡಬೇಕಾದ ನಮೂನೆ ಏನಾದರೂ ತಮ್ಮಲ್ಲಿದ್ದರೆ ಅದರದೂ ಒಂದು ಪ್ರತಿ ಇರಲಿ. ಮೊದಲ ವಾಕ್ಯವನ್ನು ಹೀಗೆ ನೆಟ್ಟಗೆ ಬರೆಯುವುದಕ್ಕೆ ನನಗೂ ಆರೂವರೆ ವರ್ಷ ಹಿಡಿಯಿತು. ಅದರ ಕಥೆಯನ್ನೂ ಹೇಳುತ್ತೇನೆ, ಏಕೆಂದರೆ ತಪ್ಪು ತಮ್ಮೊಬ್ಬರದೇ ಅಲ್ಲ.

ನಾನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. ೧೯೮೦ರ ಅಕ್ಟೋಬರಿನಲ್ಲಿ ತಮ್ಮ ಕಚೇರಿ ಬಾಗಲಕೋಟೆಯಲ್ಲಿ ಒಂದು ಬಾಡಿಗೆ ಮಾಳಿಗೆ ಹಿಡಿದು ಕೇಂದ್ರ ತೆರೆದಾಗ ನನ್ನನ್ನು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಎರವಲು ತೆಗೆದುಕೊಂಡಿತು. ಸುಡಾನ, ಯೆಮೆನ್, ಇರಾಕ್ ಕಡೆಯಿಂದ ಬಂದ ಇಪ್ಪತ್ತೆರಡು ಹುಡುಗರು. ಇಂಜಿನಿಯರಿಂಗ್, ಬಿ.ಎಸ್ಸಿ. ಎಂದು ಕಾಲೇಜು ಸೇರುವ ಮೊದಲು ಅವರು ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಳ್ಳುವುದು, ದೊಡ್ಡ ಪಾಠವನ್ನು ಚಿಕ್ಕದು ಮಾಡುವುದು, ವಾದವನ್ನು ಮಂಡಿಸುವುದು, ಇದೆಲ್ಲವನ್ನೂ ಇಂಗ್ಲಿಷಿನಲ್ಲಿ ಕಲಿಯಬೇಕು. ಅದಕ್ಕೆ ತಾವೇ ಅಚ್ಚು ಹಾಕಿಸಿದ ಅಭ್ಯಾಸ ಪುಸ್ತಕವೊಂದಿತ್ತು. ಅದರ ಮೊದಲ ಪುಟದಲ್ಲಿ ದಪ್ಪಕ್ಷರದ ನಿಯಮ: ಮುಖ್ಯ ಸಂಗತಿಯನ್ನು ಮೊದಲ ವಾಕ್ಯದಲ್ಲೇ ಹೇಳು, ಸುತ್ತಿ ಬಳಸಿ ಹೇಳುವುದು ವಿದ್ವತ್ತಿನ ಲಕ್ಷಣವಲ್ಲ. ಈ ನಿಯಮವನ್ನು ಆರು ತಿಂಗಳು ಹಗಲೆಲ್ಲ ಒದರಿದವನು ನಾನು. ತಮ್ಮ ಕಚೇರಿಯಿಂದ ಬರುವ ಪತ್ರಗಳಲ್ಲಿ ಮುಖ್ಯ ಸಂಗತಿ ಮೂರನೇ ಪುಟದ ಅಡಿಟಿಪ್ಪಣಿಯಲ್ಲಿ ಇರುತ್ತಿತ್ತು ಎಂಬ ಮಾತು ಬೇರೆ.

ಇದ್ರಿಸ್ ಕಸ್ಸಲಾ ಎಂಬ ಊರಿನವನು. ವಯಸ್ಸು ಹತ್ತೊಂಬತ್ತು. ‘ನೀರು’ ಎಂಬ ವಿಷಯದ ಮೇಲೆ ಅವನು ಬರೆದ ಮೊದಲ ಪ್ರಬಂಧ ದೇವರ ಹೆಸರಿನಿಂದ ಶುರುವಾಗಿ, ನನ್ನ ಆರೋಗ್ಯ, ನನ್ನ ಮಕ್ಕಳ ಆರೋಗ್ಯ, ಕೊನೆಗೆ ಪ್ರಬಂಧ ಪರಿಶೀಲಿಸುವ ತಮ್ಮ ಆರೋಗ್ಯವನ್ನೂ ವಿಚಾರಿಸಿ, ಮೂರನೇ ಪುಟದಲ್ಲಿ ನೀರಿಗೆ ಬಂದಿತ್ತು. ನಾನು ಎರಡೂವರೆ ಪುಟವನ್ನು ಕೆಂಪು ಶಾಯಿಯಿಂದ ಹೊಡೆದು ‘ವಿಷಯವೆಲ್ಲಿ?’ ಎಂದು ಬರೆದೆ. ಅವನು ನಕ್ಕ. “ಸರ್, ನಮ್ಮ ಕಡೆ ಒಬ್ಬನ ಒಂಟೆಗಳ ಯೋಗಕ್ಷೇಮ ಕೇಳದೆ ಅವನ ಹತ್ತಿರ ನೀರು ಕೇಳಿದರೆ, ಇವನಿಗೆ ತಂದೆ ತಾಯಿ ಇಲ್ಲ ಅಂದುಕೊಳ್ಳುತ್ತಾರೆ” ಎಂದ. ನಮ್ಮ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿಯೂ ಅಷ್ಟೇ ಅಲ್ಲವೇ? ಒಂದು ಕುಡಗೋಲು ಎರವಲು ಬೇಕಿದ್ದರೂ ಮಳೆ, ಬೆಳೆ, ಎಮ್ಮೆಯ ಹಾಲು, ಬೀಗರ ಸುದ್ದಿ ಎಲ್ಲ ಆಗಬೇಕು. ಅದು ಗೊತ್ತಿದ್ದೂ ನಾನು ಅವನ ನಮಸ್ಕಾರಗಳನ್ನು ಹೊಡೆದು ಹಾಕುತ್ತ ಹೋದೆ. ಜನವರಿಯ ಪರೀಕ್ಷೆಯಲ್ಲಿ ‘ನನ್ನ ಊರು’ ಎಂದು ಬರೆಯಲು ಕೊಟ್ಟಾಗ ಅವನ ಮೊದಲ ವಾಕ್ಯ ಹೀಗಿತ್ತು: “ನಮ್ಮ ಊರಿನ ನದಿ ವರ್ಷಕ್ಕೆ ಮೂರು ತಿಂಗಳು ಮಾತ್ರ ಬದುಕಿರುತ್ತದೆ.” ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಆ ಹಾಳೆ ನನ್ನ ಹತ್ತಿರ ಇನ್ನೂ ಇದೆ, ತಾವು ಬೇಕೆಂದರೂ ಕೊಡುವುದಿಲ್ಲ.

ಅವನು ಇಳಿದುಕೊಂಡಿದ್ದು ಮಾಬುಬಿ ಎಂಬ ವಿಧವೆಯ ಮನೆಯ ಮುಂಗೋಣೆಯಲ್ಲಿ. ಆಕೆಗೆ ಅವನ ಭಾಷೆ ಬಾರದು, ಅವನಿಗೆ ಆಕೆಯದು ಬಾರದು. ಆದರೂ ಒಂದು ತಿಂಗಳಲ್ಲಿ ಅವನು “ರೊಟ್ಟಿ ಬಿಸಿ ಅದಾವೇನು?” ಎಂದು ಕೇಳುವಷ್ಟು ಕಲಿತಿದ್ದ. ಅದನ್ನು ಯಾವ ಅಭ್ಯಾಸ ಪುಸ್ತಕವೂ ಕಲಿಸಿರಲಿಲ್ಲ.

೧೯೮೧ರ ಫೆಬ್ರವರಿ ೧೫, ರವಿವಾರ. ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಕೆಲವರು ರೈಲಿಗೆ ಬಂದರು, ನಾವು ಐದಾರು ಮಂದಿ ಮಾಬುಬಿಯ ತಮ್ಮ ಖಾಸಿಂಸಾಬನ ಜೀಪಿನಲ್ಲಿ. ಕೆಂಪು ಬಂಡೆಗಳನ್ನು ಕಂಡದ್ದೇ ಇದ್ರಿಸ್ “ಸರ್, ಇದು ನಮ್ಮೂರೇ” ಎಂದ. ಕಸ್ಸಲಾದಲ್ಲಿಯೂ ಊರಿನ ಬೆನ್ನಿಗೆ ಹೀಗೇ ಬರಿಗಲ್ಲಿನ ಗುಡ್ಡ ನಿಂತಿದೆಯಂತೆ. ಗುಹೆ ನೋಡಿ ಇಳಿದು ಕೆರೆಯ ಮೆಟ್ಟಿಲ ಮೇಲೆ ಕೂತಾಗ ನನ್ನ ಹತ್ತಿರ ಬಂದು, ತಲೆ ನೋವು, ಮೂರು ದಿನ, ಎಂದು ಅರ್ಧಂಬರ್ಧ ಇಂಗ್ಲಿಷಿನಲ್ಲಿ ಹೇಳಿದ. ನಾನು ಮಾಸ್ತರನಲ್ಲವೇ? “ಪೂರ್ತಿ ವಾಕ್ಯದಲ್ಲಿ ಹೇಳು” ಎಂದೆ. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಮತ್ತೆ ಹೇಳಿದ, ತಪ್ಪಿತು. ತಿದ್ದಿದೆ. ಮೂರನೆಯ ಸಲ ಸರಿಯಾಗಿ ಹೇಳಿದ. ನಾನು ಶಾಬಾಸ್ ಎಂದೆ. ಮಾನ್ಯರೇ, ವಾಕ್ಯ ನನ್ನ ಕಿವಿಗೆ ಬಿತ್ತು, ಅದರೊಳಗಿನ ಮೂರು ದಿನಗಳು ಬೀಳಲಿಲ್ಲ. ಈಗ ಯಾವ ಹುಡುಗ ತಲೆ ನೋವು ಎಂದು ಎದ್ದು ನಿಂತರೂ ಬೋರ್ಡಿಗೆ ಬರೆಯುವ ಖಡು ಕೆಳಗಿಟ್ಟು, ಎಷ್ಟು ದಿನದಿಂದ ಎಂದು ಕೇಳುತ್ತೇನೆ.

ಒಂದು ತಾಸಿನೊಳಗೆ ಅವನಿಗೆ ನಿಲ್ಲಲಾಗಲಿಲ್ಲ. ಉಳಿದವರನ್ನು ರೈಲಿಗೆ ಬಿಟ್ಟು ಜೀಪಿನಲ್ಲಿ ಬಾಗಲಕೋಟೆಗೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು, ಕಾದ ಹಂಚಿನಂತೆ ಸುಡುತ್ತಿತ್ತು. ದಾರಿಯುದ್ದಕ್ಕೂ ಅರಬ್ಬಿಯಲ್ಲಿ ಏನೋ ಹೇಳುತ್ತಿದ್ದ. ನಾಲ್ಕು ತಿಂಗಳು ನಾನು ಕಲಿಸಿದ್ದರಲ್ಲಿ ಒಂದು ಶಬ್ದವೂ ಅದರಲ್ಲಿರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಸುಮ್ಮನಾದ. ದಾರಿಯ ಮೇಲಿನ ಒಂದು ಸಣ್ಣ ದವಾಖಾನೆಯ ಮುಂದೆ ನಿಲ್ಲಿಸಿದೆವು. ವೈದ್ಯರು ಜೀಪಿನ ಹತ್ತಿರವೇ ಬಂದು ಕಣ್ಣಿನ ರೆಪ್ಪೆ ಎತ್ತಿ ನೋಡಿ, “ಮಿದುಳು ಜ್ವರ ಇರಬೇಕ್ರಿ. ಮುಗದೈತಿ. ಇಲ್ಲಿ ಇಳಸಬ್ಯಾಡ್ರಿ, ಹೊತ್ತ ಮುಳುಗೂದ್ರಾಗ ಮನಿಗೆ ಒಯ್ರಿ” ಎಂದರು. ಪಾಪ, ಇಳಿಸಿದರೆ ಕಾಗದಪತ್ರಕ್ಕೆ ರಾತ್ರಿಯಾದೀತು ಎಂದು ಕರುಣೆಯಿಂದಲೇ ಹೇಳಿದರು. ಅವರಿಂದ ಒಂದು ಚೀಟಿ ಬರೆಸಿಕೊಳ್ಳಬೇಕು ಎಂದು ನನಗೂ ಹೊಳೆಯಲಿಲ್ಲ. ಮರುದಿನ ಮಧ್ಯಾಹ್ನ ಮಣ್ಣಾಯಿತು. ಮಾಬುಬಿಯ ಓಣಿಯೆಲ್ಲ ಬಂದಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮಣ್ಣಿಗೆ ಮೊದಲು, ಬೆಳಿಗ್ಗೆ, ಕಸ್ಸಲಾಕ್ಕೆ ತಾರು ಕೊಡಬೇಕಾಗಿತ್ತು. ಮಾಬುಬಿಯ ಮನೆಯ ಕಟ್ಟೆಯ ಮೇಲೆ ಕೂತು ಬರೆಯತೊಡಗಿದೆ. ಖಾಸಿಂಸಾಬ ಕೇಳಿದ, “ಏನಂತ ಬರಿಯಾಕತ್ತೀರಿ ಮಾಸ್ತರ?”

“ನಿಮ್ಮ ಮಗ ತೀರಿಕೊಂಡ ಅಂತ.”

“ಹುಚ್ಚರೇನ್ರಿ ನೀವು?” ಎಂದಳು ಒಳಗಿನಿಂದ ಮಾಬುಬಿ. “ಸತ್ತಾನಂತ ತಾರಿನ್ಯಾಗ ಬರೀತಾರೇನ್ರಿ ಯಾರರ? ಆ ತಾಯಿ ನಿಂತಲ್ಲೇ ಎದಿ ಒಡದ ಬೀಳ್ತಾಳ. ಭಾಳ ಸೀರಿಯಸ್ ಅದಾನ, ಲಗೂ ಬರ್ರಿ ಅಂತ ಬರೀರಿ. ತಿಳಿಯುವವರಿಗೆ ತಿಳೀತೈತಿ.”

ಖರೆ ಹೇಳಿದಳು. ನಮ್ಮ ಕಡೆ ಯಾವ ಮನೆಗೆ ಸಾವಿನ ತಾರು ಬಂದರೂ ಅದರಲ್ಲಿ ಸಾವು ಇರುವುದಿಲ್ಲ. ಓದಿದವರು ಬಾಯಿಗೆ ಸೆರಗು ಒತ್ತಿಕೊಂಡು, ದಾರಿಯಲ್ಲಿ ಅಳುತ್ತ, ಅರ್ಧ ದುಃಖ ಕಳೆದುಕೊಂಡು ಬಂದು ಮುಟ್ಟುತ್ತಾರೆ. ನಮ್ಮ ತಂದೆ ಹೋದಾಗ ನನಗೆ ಬಂದ ತಾರೂ ಅಂಥದ್ದೇ. ನಾನು ಮಾಬುಬಿ ಹೇಳಿದಂತೆಯೇ ಬರೆದೆ. ತಾರು ಕಚೇರಿಯ ಗುಮಾಸ್ತರು ಅದನ್ನು ಓದಿ, ಕನ್ನಡಕ ತೆಗೆದು, “ಮಣ್ಣ ಯಾವಾಗ್ರಿ?” ಎಂದು ಕೇಳಿದರು. ಅಷ್ಟು ಸ್ಪಷ್ಟವಿತ್ತು, ಬಾಗಲಕೋಟೆಯಲ್ಲಿ. ಕಸ್ಸಲಾದಲ್ಲಿ ಅದನ್ನು ಓದಿದವರಿಗೆ ಮಾತ್ರ ಮಗನಿಗೆ ಜ್ವರ ಹೆಚ್ಚಾಗಿದೆ ಎಂದು ತಿಳಿಯಿತು. ಐದನೇ ದಿನ ಉತ್ತರ ಬಂತು: “ಜ್ವರ ಇಳಿಯಿತೇ? ತಂದೆ ಹೊರಟಿದ್ದಾರೆ.” ಅದೇ ಗಳಿಗೆಯಲ್ಲಿ ನಾನು ಇನ್ನೊಂದು ತಾರು ಕೊಟ್ಟು ತಿದ್ದಬಹುದಿತ್ತು. ಕೆಂಪು ಶಾಯಿಯ ಶೂರ ಅಂದು ಏನೂ ತಿದ್ದಲಿಲ್ಲ. ಹೊರಟವರು ಹೊರಟಿದ್ದಾರೆ, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ತಮಗೆ ಮಾತ್ರ ನಾನು ನೆಟ್ಟಗೆ ಬರೆದಿದ್ದೆ. ಮಣ್ಣಾದ ದಿನವೇ ಬರೆದಿದ್ದೆ. ತಮ್ಮ ಕಚೇರಿಯ ಉತ್ತರ ಹೀಗಿತ್ತು: ಮರಣದ ದಾಖಲೆ ಲಗತ್ತಿಸಿ, ಅಲ್ಲಿಯವರೆಗೆ ಹಾಜರಿ ಪಟ್ಟಿಯಿಂದ ಹೆಸರು ತೆಗೆಯಕೂಡದು, ದೂತಾವಾಸದೊಂದಿಗೆ ಪತ್ರವ್ಯವಹಾರ ಕಚೇರಿಯ ಅಧಿಕಾರ, ಶಿಕ್ಷಕರದ್ದಲ್ಲ. ಹೀಗಾಗಿ ಆ ಶಿಕ್ಷಣ ಮುಗಿಯುವವರೆಗೆ ದಿನಾ ಬೆಳಿಗ್ಗೆ ನಾನು “ಹದಿನೇಳು” ಎಂದು ಕೂಗಿದೆ. ಕೂಗಿ, ರೂಢಿಯಂತೆ ಒಂದು ಕ್ಷಣ ತಡೆದು, ಗೈರು ಎಂದು ಬರೆದೆ. ಇಪ್ಪತ್ತೊಂದು ಹುಡುಗರು ನೆಲ ನೋಡುತ್ತ ಕೂತಿರುತ್ತಿದ್ದರು. ಹತ್ತು ಹನ್ನೆರಡು ದಿನವಾದ ಮೇಲೆ, ನಾನು ತಡೆದ ಆ ಕ್ಷಣದಲ್ಲಿ, “ಯೆಸ್ ಸರ್” ಎಂದು ಕೇಳಿಸಿತು. ತಲೆ ಎತ್ತಿ ನೋಡಿದೆ. ಯಾರೂ ಬಾಯಿ ತೆರೆದಿರಲಿಲ್ಲ. ಅವತ್ತಿನಿಂದ ಅದು ನಿಂತಿಲ್ಲ. ಈಗ ನನ್ನ ಹೈಸ್ಕೂಲಿನಲ್ಲಿ ಹದಿನೇಳನೇ ನಂಬರು ಸಾವಿತ್ರೆವ್ವ ಎಂಬ ಹುಡುಗಿಯದು, ಗಟ್ಟಿ ದನಿಯವಳು. ಅವಳು ಉತ್ತರ ಕೊಡುವ ಮೊದಲೇ ಇನ್ನೊಂದು ದನಿ ಬಂದು ಹೋಗಿರುತ್ತದೆ. ಇದನ್ನು ದೆವ್ವ ಅನ್ನಬೇಕೋ, ಆಡಳಿತ ಅನ್ನಬೇಕೋ ನನಗೆ ತಿಳಿದಿಲ್ಲ.

ಇದ್ರಿಸ್ ಸತ್ತ ಇಪ್ಪತ್ತಾರನೇ ದಿನ ಅವನ ತಂದೆ ಆದಮ್ ಸಾಹೇಬರು ಬಂದರು. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಸೊಲ್ಲಾಪುರದ ಮೇಲೆ ಬಾಗಲಕೋಟೆಗೆ. ಬಿಳಿ ನಿಲುವಂಗಿ, ಬಿಳಿ ಪೇಟ, ಬಗಲಲ್ಲೊಂದು ಗಂಟು. ಸ್ಟೇಶನ್ನಿನಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು, ಬರುತ್ತಿದ್ದ ಎರಡೇ ಇಂಗ್ಲಿಷ್ ಶಬ್ದದಲ್ಲಿ ಕೇಳಿದರು: “ಇದ್ರಿಸ್? ಗುಡ್?” ನಾನು ಏನು ಹೇಳಿದೆ ಗೊತ್ತೇ? “ಬರ್ರಿ, ಮೊದಲು ಊಟ ಮಾಡೋಣ” ಎಂದು ಕನ್ನಡದಲ್ಲಿ ಹೇಳಿ, ಕೈ ಬಾಯಿಗೆ ಒಯ್ದು ತೋರಿಸಿದೆ. ದೂರದಿಂದ ಬಂದವರು ಉಣ್ಣುವ ಮುಂಚೆ ಕೆಟ್ಟ ಸುದ್ದಿ ಹೇಳಬಾರದು, ಅದೂ ನಮ್ಮ ಪದ್ಧತಿ. ಇಳಕಲ್ಲಿನಲ್ಲಿ ಮದರಸಾದ ಮಕ್ಕಳಿಗೆ ಓದಿಸುವ ಇಮಾಮಹುಸೇನರಿಗೆ ಅರಬ್ಬಿ ಬರುತ್ತದೆಂದು ಅವರನ್ನು ಮೊದಲೇ ಕರೆಸಿ ಮಾಬುಬಿಯ ಮನೆಯಲ್ಲಿ ಕೂಡಿಸಿದ್ದೆ. ಹೇಳುವ ಕೆಲಸವನ್ನು ಅವರ ತಲೆಗೆ ಕಟ್ಟಿದ್ದೆ ಎಂದರೆ ಸರಿಯಾದೀತು.

ಅವರು ಉಂಡರು. ನಗುತ್ತ ಉಂಡರು. ಮಗ ಕಾಗದದಲ್ಲಿ ಬರೆದಿದ್ದ ರೊಟ್ಟಿ ಇದೇ ಏನು ಎಂದು ಕೇಳಿದರಂತೆ. ಉಂಡಾದ ಮೇಲೆ ಗಂಟು ಬಿಚ್ಚಿ ಒಣಗಿದ ಕೆಂಪು ಹೂವಿನ ರಾಶಿ ತೆಗೆದರು. ಮಾಬುಬಿ ನೋಡಿ, “ಯವ್ವಾ, ಇದು ನಮ್ಮ ಪುಂಡಿ ಹೂವಲ್ಲೇನ್ರಿ?” ಎಂದಳು. ಹೌದು, ನಾವು ಎಲೆ ತಿಂದು ಬಿಡುವ ಪುಂಡಿಯೇ. ಅವರ ಕಡೆ ಅದರ ಕೆಂಪು ಹೂವನ್ನು ನೀರಲ್ಲಿ ನೆನೆಸಿ ಜ್ವರಕ್ಕೆ ಕುಡಿಸುತ್ತಾರಂತೆ. ಬಿಸಿನೀರು ಬೇಕು, ದವಾಖಾನೆಗೆ ಮಗನನ್ನು ನೋಡಲು ಹೋಗುವಾಗ ಮಾಡಿಕೊಂಡು ಹೋಗೋಣ ಎಂದು ಸನ್ನೆ ಮಾಡಿದರು. ಮಾಬುಬಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಆಕೆ ಎದ್ದು ಹೋಗಿ ನೀರು ಕಾಯಲು ಇಟ್ಟಳು. ಸತ್ತವನ ಜ್ವರಕ್ಕೆ ಔಷಧ ಮಾಡುವುದಕ್ಕೆ ಒಲೆ ಹೊತ್ತಿಸಿದ ಮನೆಯಲ್ಲಿ ನಾನು ಕೂತಿದ್ದೆ, ಮಾನ್ಯರೇ. ಕೊನೆಗೆ ಇಮಾಮಹುಸೇನರಿಗೂ ಸತ್ತ ಎನ್ನಲು ಬಾಯಿ ಬರಲಿಲ್ಲ. ಸಾವಿನ ಸುದ್ದಿ ಕೇಳಿದಾಗ ಮುಸಲ್ಮಾನರೆಲ್ಲರೂ ಹೇಳುವ ಒಂದು ಮಾತಿದೆ, ದೇವರಿಂದ ಬಂದೆವು, ದೇವರ ಕಡೆಗೇ ಮರಳುತ್ತೇವೆ ಎಂದು. ಅದನ್ನು ಮೆಲ್ಲಗೆ ಹೇಳಿದರು. ಆದಮ್ ಸಾಹೇಬರ ಕೈ ಹೂವಿನ ಮೇಲೆ ಹಾಗೇ ನಿಂತಿತು. ಒಳಗೆ ನೀರು ಕುದಿಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು, ಒಲೆ ಆರಿಸುವ ಎಚ್ಚರ ಯಾರಿಗೂ ಇರಲಿಲ್ಲ.

ಗೋರಿಯ ಹತ್ತಿರ ಅವರು ನನ್ನನ್ನು ಬೈಯಲಿಲ್ಲ. ಒಂದೇ ಒಂದು ಕೇಳಿದರು. ಇಮಾಮಹುಸೇನರು ತಿಳಿಸಿದರು: “ಒಂದ ಕಾಗದ ಬೇಕಂತ್ರಿ. ಮಗ ಸತ್ತಾನಂತ ಬರದದ್ದು, ಸಿಕ್ಕಾ ಹೊಡದದ್ದು. ಹೆಂಡ್ತಿ ಕೈಯಾಗ ನೀವು ಕೊಟ್ಟ ತಾರ ಐತಂತ. ಬರೇ ಬಾಯಿಮಾತು ನಂಬೂದಿಲ್ಲಂತ.”

ಜನನ ಮರಣ ಬರೆದುಕೊಳ್ಳುವ ಗುಮಾಸ್ತರಲ್ಲಿಗೆ ಹೋದೆವು. ಅವರು ಹೇಳಿದ್ದು ನ್ಯಾಯವೇ: “ಪರದೇಶದವರ ಹೆಸರ್ರಿ, ಪಾಸ್‌ಪೋರ್ಟ್ ನೋಡೇ ಬರೀಬೇಕು. ತಗೊಂಡ ಬರ್ರಿ, ನಿಂತಗೊಂಡ ಬರದ ಕೊಡ್ತೇನಿ.” ಪಾಸ್‌ಪೋರ್ಟ್ ಎಲ್ಲಿ? ಬಂದ ದಿನವೇ ಎಲ್ಲರದನ್ನೂ ಇಸಿದುಕೊಂಡು ತಮ್ಮ ಕಪಾಟಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದೀರಲ್ಲ! ತಂದೆಯನ್ನು ಕರೆದುಕೊಂಡು ತಮ್ಮಲ್ಲಿಗೆ ಬಂದೆ. ಆಗ ಕುರ್ಚಿಯಲ್ಲಿದ್ದವರು ತಾವೋ, ತಮ್ಮ ಹಿಂದಿನವರೋ ನನಗೆ ಬೇಡ, ಕುರ್ಚಿ ಒಂದೇ. ಚಹಾ ತರಿಸಿದಿರಿ. ತೀವ್ರ ವಿಷಾದ ವ್ಯಕ್ತಪಡಿಸಿದಿರಿ. ಆಮೇಲೆ ನಿಯಮ ಓದಿ ಹೇಳಿದಿರಿ: ಪಾಸ್‌ಪೋರ್ಟನ್ನು ಸಂಬಂಧಪಟ್ಟ ವಿದ್ಯಾರ್ಥಿ ಖುದ್ದಾಗಿ ಬಂದು ಸಹಿ ಮಾಡಿಯೇ ಪಡೆಯಬೇಕು, ಅವನು ಮೃತನಾಗಿದ್ದರೆ ಮರಣದ ದಾಖಲೆ ತಂದವರಿಗೆ ಕೊಡಲಾಗುವುದು. ಪಾಸ್‌ಪೋರ್ಟ್ ಇಲ್ಲದೆ ದಾಖಲೆ ಇಲ್ಲ, ದಾಖಲೆ ಇಲ್ಲದೆ ಪಾಸ್‌ಪೋರ್ಟ್ ಇಲ್ಲ. ಕೋಣ ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡಿದ್ದೆ. ಕರು ಬಂದು ಅರ್ಜಿ ಕೊಡಲಿ ಎಂದವರನ್ನು ಅಂದೇ ಕಂಡದ್ದು. ಹೊರಗೆ ಜಮಖಾನದ ಮೇಲೆ ಕೂತಿದ್ದ ತಮ್ಮ ಸಿಪಾಯಿ ನೀಲಪ್ಪ ನಮ್ಮ ಬಾದಾಮಿ ಕಡೆಯವನು. “ಮಾಸ್ತರ, ಕಪಾಟ ಅಲ್ಲೇ ಐತ್ರಿ, ಕೀಲಿ ನನ್ನ ಉಡದಾರಕ್ಕೈತಿ. ಆದರ ಹುಕುಂ ಇಲ್ಲದ ಹೆಂಗ ತೆಗೀಲ್ರಿ?” ಎಂದು ಕಣ್ಣೀರು ಹಾಕಿದ. ಇಡೀ ಕಚೇರಿಯಲ್ಲಿ ಅಷ್ಟಾದರೂ ಮಾಡಿದವನು ಅವನೊಬ್ಬ. ಒಂಬತ್ತು ದಿನ ಕಾದು ಆದಮ್ ಸಾಹೇಬರು ಬರಿಗೈಯಲ್ಲಿ ಹಡಗು ಹತ್ತಿದರು.

ಆಮೇಲಿನದು ತಮಗೆ ಗೊತ್ತಿರಲಿಕ್ಕಿಲ್ಲ, ಕೇಳಿ. ಮನೆಗೆ ಹೋಗಿ ತಂದೆ ಹೇಳಿದರು. ತಾಯಿ ನಂಬಲಿಲ್ಲ. ಸೀರಿಯಸ್ ಎಂದರೆ ಬದುಕಿದ್ದಾನೆ ಎಂದರ್ಥ ತಾನೇ? ಗಂಡ ದುಃಖದಲ್ಲಿ ಯಾರದೋ ಗೋರಿ ನೋಡಿ ಬಂದಿದ್ದಾನೆ ಎಂದಳಂತೆ. ವರ್ಷ ತಿರುಗುವುದರೊಳಗೆ ತಮ್ಮ ಮೊದಲ ನೋಟೀಸು ಆ ಮನೆಗೆ ಮುಟ್ಟಿತು, ಮೊಹರು ಸಮೇತ: ನಿಮ್ಮ ಮಗ ಗೈರುಹಾಜರಾಗಿದ್ದಾನೆ, ಹಾಜರಾಗತಕ್ಕದ್ದು. ಸರಕಾರವೇ ಬಾ ಎಂದು ಕರೆಯುತ್ತಿರುವಾಗ ಸತ್ತಿರುವುದು ಹೇಗೆ ಸಾಧ್ಯ? ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೇ ತರ್ಕ ಮಾಡುತ್ತಿದ್ದೆ. ತಂದೆ ೧೯೮೫ರಲ್ಲಿ ತೀರಿಕೊಂಡರು. ಈಗ ಶಾಲೆಗೆ ಹೋಗುವ ಕಿರಿಯ ಮಗ ತಾಯಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಕಾಗದಗಳು ಇದ್ರಿಸನ ಹೆಸರಿಗೆ ಬರುತ್ತವೆ, ನನ್ನ ವಿಳಾಸಕ್ಕೆ. ನಾನು ಸುಮ್ಮನೆ ಕೂಡಲಿಲ್ಲ. ಅವನು ಸತ್ತಿದ್ದಾನೆ, ನನ್ನ ತೊಡೆಯ ಮೇಲೆಯೇ ಸತ್ತ ಎಂದು ಮೂರು ಸಲ ಬರೆದೆ. ಬಂದ ಉತ್ತರ ಇದು: “ತಾಯಿ ಕೇಳುತ್ತಾಳೆ, ಸೀರಿಯಸ್ ಎಂದು ಬರೆದ ಮಾಸ್ತರರೇ ಇವರಲ್ಲವೇ? ಒಂದೇ ಮನುಷ್ಯನ ಎರಡು ಮಾತಿನಲ್ಲಿ ಯಾವುದನ್ನು ನಂಬಲಿ? ಸರಕಾರದ ಮೊಹರಿನ ಕಾಗದ ಕಳಿಸಿ.” ಕರುಣೆಯಿಂದ ಆಡಿದ ಒಂದು ಸುಳ್ಳು ನನ್ನ ಮುಂದಿನ ಸತ್ಯಗಳನ್ನೆಲ್ಲ ತಿಂದು ಹಾಕಿತು. ಹೀಗಾಗಿ ಜಗತ್ತಿನಲ್ಲಿ ಇದ್ರಿಸ್ ಆದಮ್ ಬಗ್ಗೆ ಆ ತಾಯಿ ನಂಬುವುದು ಎರಡೇ ಬಗೆಯ ಕಾಗದ. ನನ್ನ ತಾರು ಅವನಿಗೆ ಜ್ವರ ಎನ್ನುತ್ತದೆ. ತಮ್ಮದು ಅವನು ಬಂದಿಲ್ಲ ಎನ್ನುತ್ತದೆ.

ನಾನು ಕೇಳುವುದು ಕಷ್ಟದ್ದಲ್ಲ. ಕಪಾಟು ತೆಗೆಸಿ ಪಾಸ್‌ಪೋರ್ಟ್ ಹೊರಗೆ ತೆಗೆಯಿರಿ, ಮರಣವನ್ನು ನೋಂದಾಯಿಸಲು ಕೊಡಿ. ತಮ್ಮ ಮೊಹರಿನ ಹಾಳೆಯ ಮೇಲೆ, ‘ಇದ್ರಿಸ್ ಆದಮ್ ೧೯೮೧ರ ಫೆಬ್ರವರಿ ೧೫ರಂದು ಸತ್ತನು, ಅವನನ್ನು ಬಾಗಲಕೋಟೆಯಲ್ಲಿ ಮಣ್ಣು ಮಾಡಲಾಗಿದೆ’ ಎಂದು ಬರೆಯಿರಿ. ಅದರ ಹಿಂದೆ ಮುಂದೆ ವಿಷಾದ, ಸಂತಾಪ, ಉಲ್ಲೇಖ ಸಂಖ್ಯೆ ಯಾವುದನ್ನೂ ಸೇರಿಸಬೇಡಿ. ಈ ತಿಂಗಳೊಳಗೆ ಕಳಿಸಿ. ಈ ತಿಂಗಳೊಳಗೆ ಎನ್ನುವುದಕ್ಕೆ ಕಾರಣ ಮೊನ್ನೆ ಬಂದ ಕಾಗದ. ಅದನ್ನು ಕಿರಿಯವನ ಮಾತಿನಲ್ಲೇ ಕೊಡುತ್ತೇನೆ: “ಅಣ್ಣಾ, ಅಕ್ಟೋಬರಿನ ಹಡಗಿಗೆ ತಾಯಿ ತಾನೇ ಬರುತ್ತಾಳೆ. ನೀನು ತರಗತಿಗೆ ಹೋಗುತ್ತಿಲ್ಲವೆಂದು ಸರಕಾರ ಪ್ರತಿ ವರ್ಷ ದೂರುತ್ತಿದೆ, ಹುಡುಕಿ ಕರೆತರುತ್ತೇನೆ ಎನ್ನುತ್ತಾಳೆ. ನಿನಗೆಂದು ಹೊಸ ಅಂಗಿಗೆ ಬಟ್ಟೆ ತಂದಿದ್ದಾಳೆ. ಹೋಗುವಾಗ ನಿನಗೆ ಹತ್ತೊಂಬತ್ತು, ಈಗ ಮೈ ತುಂಬಿರಬೇಕು. ನಿನ್ನ ಭುಜದ ಅಳತೆ ಬರೆದು ಕಳಿಸಬೇಕಂತೆ.”

ಅಳತೆ ಕಳಿಸಬೇಕಾದವರು ತಾವು. ಅವನನ್ನು ಇಷ್ಟು ವರ್ಷ ಬದುಕಿಸಿ ಇಟ್ಟುಕೊಂಡವರು ತಾವೇ ತಾನೇ? ಗೊತ್ತಿಲ್ಲದಿದ್ದರೆ ಅವನು ಸತ್ತನೆಂದು ಬರೆಯಿರಿ. ಎರಡರಲ್ಲಿ ಯಾವುದೂ ಹೋಗದಿದ್ದರೆ, ಆಕೆ ಅಂದಾಜಿನ ಮೇಲೆ ಕತ್ತರಿಸಿ ಹೊಲಿದುಕೊಂಡು ಬರುತ್ತಾಳೆ.

ಇಂತಿ,
ಕಸ್ಸಲಾದಲ್ಲಿ ಯಾರೂ ನಂಬದ,
ಅಂದಾನಪ್ಪ, ಇಂಗ್ಲಿಷ್ ಮಾಸ್ತರ